ಪ್ಯಾನೆಲ್ ಬೋರ್ಡಿನ ಎರಡು ಮುಳ್ಳು

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ಪಕ್ಕ ಒಂದು ಪುಟ್ಟ ಮೋಟಾರ್ ಮನೆ ಇರುತ್ತದೆ. ಒಳಗೆ ಸ್ಟಾರ್ಟರ್ ಪೆಟ್ಟಿಗೆ, ಅದರ ಮುಖದ ಮೇಲೆ ಮುಳ್ಳಿನ ಎರಡು ಮೀಟರ್. ಒಂದು ವೋಲ್ಟ್ ತೋರಿಸುತ್ತದೆ, ಇನ್ನೊಂದು ಆಂಪ್ಸ್. ತ್ರೀಫೇಸ್ ಬಂತೆಂದರೆ ಎಲ್ಲರ ಕಣ್ಣು ಮೊದಲನೆಯದರ ಮೇಲೆ. ಮೋಟಾರ್ ಉಳಿಯುತ್ತದೋ ಸುಡುತ್ತದೋ ಎಂಬ ಸುಳಿವು ಮಾತ್ರ ಎರಡನೆಯದರಲ್ಲಿದೆ.

ವೋಲ್ಟೇಜ್ ಎಂದರೆ ತಂತಿಯೊಳಗೆ ವಿದ್ಯುತ್ತನ್ನು ನೂಕುವ ಒತ್ತಡ. ಹರಿಯುವ ಪ್ರಮಾಣ ಆಂಪಿಯರ್. ಹರಿವಿಗೆ ಒಡ್ಡುವ ತಡೆ ರೋಧ, ಅದರ ಅಳತೆ ಓಮ್. ಜರ್ಮನಿಯ ಮೇಷ್ಟ್ರು ಗೇಯಾರ್ಗ್ ಓಮ್ 1827ರ ತಮ್ಮ ಪುಸ್ತಕದಲ್ಲಿ ಈ ಮೂರರ ನಂಟನ್ನು ಬಿಡಿಸಿಟ್ಟರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಭಾಗಿಸುವ ಬದಲು ಗುಣಿಸಿದರೆ ವ್ಯಾಟ್. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಬಿಲ್ಲಿನಲ್ಲಿ ಒಂದು ಯೂನಿಟ್.

ನೀರು ಕಾಯಿಸುವ ಕಾಯಿಲ್ ತೆಗೆದುಕೊಳ್ಳಿ. 230 ವೋಲ್ಟಿಗೆ 1000 ವ್ಯಾಟ್ ಎಂದು ಬರೆದಿದ್ದರೆ ಅದು ಎಳೆಯುವುದು 4.35 ಆಂಪ್ಸ್, ರೋಧ ಸುಮಾರು 53 ಓಮ್. ಸಂಜೆ ವೋಲ್ಟೇಜ್ 160ಕ್ಕೆ ಕುಸಿದರೂ ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಆಂಪ್ಸ್ ಮೂರಕ್ಕಿಳಿಯುತ್ತದೆ, ಶಕ್ತಿ 480 ವ್ಯಾಟಿನ ಆಸುಪಾಸಿಗೆ ಬರುತ್ತದೆ. ವೋಲ್ಟೇಜ್ ಇಳಿದದ್ದು ನೂರಕ್ಕೆ ಮೂವತ್ತು, ಶಾಖ ಅರ್ಧಕ್ಕಿಂತ ಕೆಳಗೆ. ಹದಿನೈದು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿ ಮಾಡಲು 21 ನಿಮಿಷ ಸಾಕಾಗುತ್ತಿದ್ದುದು ಈಗ 43 ನಿಮಿಷ ಹಿಡಿಯುತ್ತದೆ. (ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುಂಬುವ ಮನೆಗಳಿಗೆ ಈ ಚಿಂತೆಯಿಲ್ಲ.)

ಮೋಟಾರಿನದು ತಿರುಗುಮುರುಗು. ಲೋ ವೋಲ್ಟೇಜಿನಲ್ಲಿ ವೋಲ್ಟ್ ಮುಳ್ಳು ಇಳಿದಂತೆ ಆಂಪ್ಸ್ ಮುಳ್ಳು ಮೇಲೇರುತ್ತದೆ. ಓಮ್ ಮೇಷ್ಟ್ರ ಲೆಕ್ಕವೇನೂ ತಪ್ಪಿಲ್ಲ. ತಿರುಗುತ್ತಿರುವ ಮೋಟಾರ್ ಒಳಗಿನಿಂದಲೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ವೈಂಡಿಂಗಿನ ರೋಧ ಕೆಲವೇ ಓಮ್ ಇದ್ದರೂ ಕರೆಂಟ್ ನುಗ್ಗದಂತೆ ತಡೆದಿರುವುದು ಮುಖ್ಯವಾಗಿ ಅದೇ. ಹೊರಗಿನ ಒತ್ತಡ ಕಡಿಮೆಯಾದರೂ ಬಾವಿಯ ಆಳವೇನೂ ಕಡಿಮೆಯಾಗಿರುವುದಿಲ್ಲ. ನೀರೆತ್ತುವ ಹೊರೆ ಹಾಗೇ ಇರುವುದರಿಂದ ಮೋಟಾರ್ ಕೊರತೆಯನ್ನು ಆಂಪ್ಸಿನಲ್ಲಿ ತುಂಬಿಕೊಳ್ಳಲು ಹೋಗುತ್ತದೆ.

ಏಳೂವರೆ ಎಚ್‌ಪಿಯ ಸಬ್‌ಮರ್ಸಿಬಲ್ ಮೋಟಾರಿನ ಲೆಕ್ಕ ನೋಡಿ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಒಳಹೋದ ವಿದ್ಯುತ್ತಿನ ಮುಕ್ಕಾಲು ಪಾಲು ಮಾತ್ರ ಕೆಲಸಕ್ಕೆ ದಕ್ಕುತ್ತದೆಂದು ಹಿಡಿದರೆ ಅದಕ್ಕೆ ಬೇಕಾದದ್ದು 7,460 ವ್ಯಾಟ್. ತ್ರೀಫೇಸಿನಲ್ಲಿ ವೋಲ್ಟ್, ಆಂಪ್ಸ್ ಗುಣಿಸಿದ್ದನ್ನು ಮತ್ತೆ 1.732ರಿಂದಲೂ ಪವರ್ ಫ್ಯಾಕ್ಟರಿನಿಂದಲೂ (ಎಳೆದದ್ದರಲ್ಲಿ ನಿಜವಾಗಿ ಶಕ್ತಿಯಾಗುವ ಪಾಲು) ಗುಣಿಸಬೇಕು. ಪವರ್ ಫ್ಯಾಕ್ಟರ್ 0.8 ಇದ್ದರೆ, 415 ವೋಲ್ಟಿನಲ್ಲಿ ಮೋಟಾರ್ 13 ಆಂಪ್ಸ್ ಎಳೆಯುತ್ತದೆ. 320 ವೋಲ್ಟಿನಲ್ಲಿ ಅದೇ ಕೆಲಸಕ್ಕೆ 16.8 ಆಂಪ್ಸ್ ಬೇಕು. ವೇಗ ತುಸು ತಗ್ಗುವುದರಿಂದ ನಿಜದಲ್ಲಿ ಅಂಕಿ ಸ್ವಲ್ಪ ಆಚೀಚೆಯಾದೀತು, ದಿಕ್ಕು ಮಾತ್ರ ಬದಲಾಗದು.

ಹೆಚ್ಚಿದ್ದು ನಾಲ್ಕೇ ಆಂಪ್ಸ್ ಅಲ್ಲವೇ ಎನ್ನುವಂತಿಲ್ಲ. ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲಿ ತೋರಿಸಿದಂತೆ ತಂತಿಯ ಶಾಖ ಏರುವುದು ಆಂಪಿಯರಿನ ವರ್ಗದಲ್ಲಿ. 13ರಿಂದ 16.8ಕ್ಕೆ ಹೋದರೆ ವೈಂಡಿಂಗಿನ ಬಿಸಿ ನೂರಕ್ಕೆ ಅರವತ್ತೇಳರಷ್ಟು ಜಾಸ್ತಿ. ಇನ್ಸುಲೇಷನ್ ಕರಗುವುದು ಹೀಗೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಬಿಲ್ ಇಲ್ಲ. ಆದರೆ ಮೋಟಾರ್ ಮೇಲೆತ್ತಿಸಿ ರೀವೈಂಡಿಂಗ್ ಮಾಡಿಸುವ ಖರ್ಚು ರೈತರದೇ.

ಕೇಬಲ್ಲೂ ತನ್ನ ಪಾಲು ತಿನ್ನುತ್ತದೆ. ಸಾವಿರ ಅಡಿ ಇಳಿದ 4 ಸ್ಕ್ವೇರ್ ಎಂ.ಎಂ. ತಾಮ್ರದ ಒಂದೊಂದು ಎಳೆಯ ರೋಧ ಸುಮಾರು 1.3 ಓಮ್. 13 ಆಂಪ್ಸ್ ಹರಿದರೆ ಮೂರೂ ಎಳೆ ಸೇರಿ 660 ವ್ಯಾಟಿನಷ್ಟು ಬಾವಿಯೊಳಗೇ ಬಿಸಿಯಾಗಿ ಹೋಗುತ್ತದೆ. 16.8 ಆಂಪ್ಸ್ ಆದರೆ 1,100 ವ್ಯಾಟ್ ದಾಟುತ್ತದೆ. 6 ಸ್ಕ್ವೇರ್ ಎಂ.ಎಂ. ಕೇಬಲ್ ಹಾಕಿದರೆ ಈ ನಷ್ಟ ಮೂರನೇ ಒಂದು ಪಾಲು ತಗ್ಗುತ್ತದೆ. ಕೇಬಲಿನಲ್ಲಿ ದುಡ್ಡು ಉಳಿಸುವುದು ಜಾಣತನವಲ್ಲ.

ದೂರದಿಂದ ಬರುವ ಲೈನುಗಳಿಗೂ ಇದೇ ಲೆಕ್ಕ. ಒಂದೇ ಶಕ್ತಿಯನ್ನು 415 ವೋಲ್ಟಿನ ಬದಲು 11,000 ವೋಲ್ಟಿನಲ್ಲಿ ತಂದರೆ ಹರಿಯುವ ಕರೆಂಟ್ ಇಪ್ಪತ್ತಾರನೇ ಒಂದು ಪಾಲಿಗೆ ಇಳಿಯುತ್ತದೆ, ಅದೇ ತಂತಿಯಲ್ಲಿ ನಷ್ಟ ಏಳುನೂರರಲ್ಲೊಂದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರಿಂದಲೇ.

ಇನ್ನು ತೋಟಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ.ಯ ಪಾಡು. 25 ಕೆವಿಎ ಟಿ.ಸಿ. ನಿರಾಯಾಸವಾಗಿ ಕೊಡಬಲ್ಲದ್ದು ಫೇಸೊಂದಕ್ಕೆ ಸುಮಾರು 35 ಆಂಪ್ಸ್. ಹದಿಮೂರರ ಎರಡು ಮೋಟಾರ್ ಸರಿ, ಮೂರನೆಯದು ಸೇರಿದರೆ 39. ಭಾರ ಹೆಚ್ಚಿ ವೋಲ್ಟೇಜ್ ಕುಸಿಯುತ್ತದೆ, ಕುಸಿದದ್ದಕ್ಕೆ ಎಲ್ಲ ಮೋಟಾರುಗಳೂ ಇನ್ನಷ್ಟು ಎಳೆಯುತ್ತವೆ, ಎಳೆದದ್ದಕ್ಕೆ ಮತ್ತಷ್ಟು ಕುಸಿತ. ಹೊತ್ತಲ್ಲದ ಹೊತ್ತಿನಲ್ಲಿ ತ್ರೀಫೇಸ್ ಬರುತ್ತದೆಂದು ಆಟೋ ಸ್ಟಾರ್ಟರ್ ಹಾಕಿಸಿಕೊಂಡ ಕಡೆ ಫಜೀತಿ ಇನ್ನೂ ದೊಡ್ಡದು. ನಿಂತ ಮೋಟಾರಿನಲ್ಲಿ ಎದುರು ವೋಲ್ಟೇಜ್ ಇರುವುದಿಲ್ಲವಾದ್ದರಿಂದ, ನೇರವಾಗಿ ಸ್ಟಾರ್ಟ್ ಆದರೆ ಅದು ಮೊದಲ ಕ್ಷಣಗಳಲ್ಲಿ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ. ಎಲ್ಲ ತೋಟಗಳಲ್ಲೂ ಒಂದೇ ಗಳಿಗೆಗೆ ಹೀಗಾದರೆ ಟಿ.ಸಿ.ಯ ಫ್ಯೂಸ್ ಹಾರದೆ ಏನಾದೀತು?

ಆಂಪ್ಸ್ ಮಿತಿಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ತಿರುಪನ್ನು ಮುಂದಕ್ಕೆ ತಿರುಗಿಸಿಟ್ಟರೆ ಕಾವಲುಗಾರನನ್ನೇ ಮನೆಗೆ ಕಳಿಸಿದಂತೆ. ರಿಲೇ ನಿಲ್ಲಬೇಕಾದದ್ದು ಮೋಟಾರಿನ ಪಟ್ಟಿಯಲ್ಲಿ ಬರೆದ ಆಂಪ್ಸಿಗೆ. ಕರೆಂಟ್ ಬಂದ ಎಷ್ಟು ಸೆಕೆಂಡಿಗೆ ಮೋಟಾರ್ ಹೊರಡಬೇಕೆಂದು ಹೊಂದಿಸುವ ಟೈಮರ್ ಈಗಿನ ಎಷ್ಟೋ ಆಟೋ ಸ್ಟಾರ್ಟರುಗಳಲ್ಲಿದೆ. ಒಂದೇ ಟಿ.ಸಿ.ಯ ಕೆಳಗಿನವರು ಮಾತಾಡಿಕೊಂಡು ಒಬ್ಬರು ಹತ್ತು ಸೆಕೆಂಡಿಗೆ, ಇನ್ನೊಬ್ಬರು ಅರ್ಧ ನಿಮಿಷಕ್ಕೆ, ಮತ್ತೊಬ್ಬರು ಒಂದು ನಿಮಿಷಕ್ಕೆ ಇಟ್ಟುಕೊಂಡರೆ ಆ ಮೊದಲ ಏಟಾದರೂ ಹಂಚಿಹೋಗುತ್ತದೆ. ಇದಕ್ಕೆ ಹೊಸ ಟಿ.ಸಿ. ಮಂಜೂರಾಗುವವರೆಗೆ ಕಾಯಬೇಕಿಲ್ಲ.