ನೆರೆಯ ಗಂಡುಬೆಕ್ಕಿನ ಉಪಟಳ: ಕಾರಣ ಮತ್ತು ಪರಿಹಾರ

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಬೆಕ್ಕು ಮನೆಮಂದಿಯಲ್ಲೊಂದಾಗಿದೆ. ಊರಿನಲ್ಲಿ ಇಲಿ ಹಿಡಿಯಲೆಂದು ಸಾಕುತ್ತಿದ್ದ ಈ ಪ್ರಾಣಿ ಇಲ್ಲಿ ಮಕ್ಕಳಿಗೆ ಒಡನಾಡಿ, ಹಿರಿಯರಿಗೆ ಸಂಗಾತಿ. ಆದರೆ ಬಾಡಿಗೆದಾರರಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಗಂಡುಬೆಕ್ಕು ಮೆಟ್ಟಿಲ ಕೆಳಗೆ ಬೀಡುಬಿಟ್ಟಿತೆಂದರೆ ಮನೆಯ ನೆಮ್ಮದಿ ಕೆಡುತ್ತದೆ. ಅದು ಕಿಟಕಿಯಿಂದ ನುಗ್ಗಿ ಸಾಕುಬೆಕ್ಕನ್ನು ಕಚ್ಚುತ್ತದೆ, ಅದರ ಆಹಾರ ತಿನ್ನುತ್ತದೆ, ಬಾಗಿಲಿಗೆ ಮೂತ್ರ ಸಿಂಪಡಿಸಿ ಹೋಗುತ್ತದೆ.

ಇದು ದುಷ್ಟತನವಲ್ಲ, ಹಾರ್ಮೋನುಗಳ ಪ್ರೇರಣೆ. ಬೀಜ ತೆಗೆಯದ ಗಂಡುಬೆಕ್ಕು ತನ್ನ ಎಲ್ಲೆಯನ್ನು ಮೂತ್ರದ ಕಟುವಾಸನೆಯಿಂದ ಗುರುತಿಸುತ್ತದೆ, ಅಲ್ಲಿರುವ ಇತರ ಬೆಕ್ಕುಗಳೊಡನೆ ಕಾದಾಡುತ್ತದೆ, ಬೆದೆಗೆ ಬಂದ ಹೆಣ್ಣನ್ನು ಹುಡುಕಿಕೊಂಡು ಬರುತ್ತದೆ. ಹಸಿವೂ ಜೊತೆಗೂಡಿದರೆ ಧೈರ್ಯ ಇಮ್ಮಡಿಯಾಗುತ್ತದೆ. ಹೊಡೆದೋಡಿಸಿದರೆ ಮರುದಿನ ಮತ್ತೆ ಬರುತ್ತದೆ. ದೂರ ಸಾಗಿಸಿಬಿಟ್ಟರೆ ತೆರವಾದ ಜಾಗಕ್ಕೆ ಮತ್ತೊಂದು ಗಂಡುಬೆಕ್ಕು ಬಂದೀತು. ಆದುದರಿಂದ ಶಾಶ್ವತ ಪರಿಹಾರವೆಂದರೆ ಎರಡೂ ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು.

ಮೊದಲು ನಮ್ಮ ಬೆಕ್ಕಿನ ರಕ್ಷಣೆ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಲ್ಲದು. ಗರ್ಭ ನಿಂತರೆ ಸುಮಾರು 65 ದಿನಗಳಲ್ಲಿ ಮರಿಗಳು ಹುಟ್ಟುತ್ತವೆ. ಆ ವಯಸ್ಸಿನಲ್ಲಿಯೇ ಪಶುವೈದ್ಯರನ್ನು ಕಂಡು ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು. ರೇಬೀಸ್ ಮತ್ತಿತರ ಲಸಿಕೆಗಳು ತಪ್ಪಬಾರದು. ಕಿಟಕಿಯ ಗ್ರಿಲ್ಲಿಗೆ ಗಟ್ಟಿ ಜಾಲರಿ ಹಾಕಿಸಿ. ಬೆಕ್ಕಿನ ತಟ್ಟೆಯನ್ನು ಹೊರಗಿಡಬೇಡಿ. ಕಚ್ಚಿದ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಕೆಲವೇ ದಿನಗಳಲ್ಲಿ ಒಳಗೆ ಕೀವು ತುಂಬುತ್ತದೆ. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್.ಐ.ವಿ. ಎಂಬ ವೈರಾಣುವೂ ಮುಖ್ಯವಾಗಿ ಕಡಿತದಿಂದಲೇ ಹರಡುತ್ತದೆ. ಆದ್ದರಿಂದ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದಿಗೂ ಕೊಡಕೂಡದು, ಅದು ಬೆಕ್ಕಿಗೆ ಪ್ರಾಣಾಂತಕ. ಜಗಳ ಬಿಡಿಸಲು ಕೈ ಹಾಕಬೇಡಿ. ದಪ್ಪ ಹಲಗೆಯನ್ನೋ ದಿಂಬನ್ನೋ ನಡುವೆ ತೂರಿಸಿ. ಮನುಷ್ಯರಿಗೆ ಕಡಿತವಾದರೆ ಹದಿನೈದು ನಿಮಿಷ ಸಾಬೂನು, ನೀರಿನಿಂದ ಗಾಯ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಮೂತ್ರ ಬಿದ್ದ ಜಾಗಕ್ಕೆ ಫಿನಾಯಿಲ್ ಸುರಿಯುವುದು ನಮ್ಮ ರೂಢಿ. ಫಿನಾಲ್ ವರ್ಗದ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು. ಪಾದಕ್ಕಂಟಿದ್ದನ್ನು ನೆಕ್ಕಿದರೆ ವಿಷವಾಗಬಹುದು. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ದೊರೆಯುವ ಕಿಣ್ವಯುಕ್ತ ದ್ರಾವಣವೇ ಸೂಕ್ತ. ವಾಸನೆ ಉಳಿದರೆ ಅದು ಮತ್ತೆ ಅಲ್ಲಿಗೇ ಬರುತ್ತದೆ.

ಇನ್ನು ಆ ಗಂಡುಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇದು ಒಂದು ಮನೆಯ ಕೆಲಸವಲ್ಲ. ಯಾರಾದರೂ ಅದರ ಒಡೆಯರಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಇಲ್ಲವಾದರೆ ನೆರೆಹೊರೆಯವರು ಸೇರಿ, ಮನೆಬಾಗಿಲಿನಿಂದ ದೂರದ ಒಂದೆಡೆ ದಿನವೂ ಒಂದೇ ಹೊತ್ತಿಗೆ ಆಹಾರವಿಟ್ಟು ಪಳಗಿಸಬೇಕು. ಆಮೇಲೆ ಪ್ರಾಣಿದಯಾ ಸಂಸ್ಥೆಯ ನೆರವಿನಿಂದ ಬೋನಿನಲ್ಲಿ ಹಿಡಿದು ಶಸ್ತ್ರಚಿಕಿತ್ಸೆ, ಲಸಿಕೆ ಮುಗಿಸಿ ಅಲ್ಲಿಯೇ ಬಿಡಬೇಕು. ಖರ್ಚನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಮುಂಬಯಿಯಲ್ಲಿ ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದಲೂ ಮೂಕಪ್ರಾಣಿಗಳ ಸೇವೆಯಲ್ಲಿದೆ.

ಶಸ್ತ್ರಚಿಕಿತ್ಸೆಯಾದ ಮರುದಿನವೇ ಬದಲಾವಣೆ ನಿರೀಕ್ಷಿಸಬಾರದು. ಹಾರ್ಮೋನು ಇಳಿಯಲು ಕೆಲವು ವಾರಗಳು ಬೇಕು. ಆ ಬಳಿಕ ಹೆಚ್ಚಿನ ಗಂಡುಬೆಕ್ಕುಗಳಲ್ಲಿ ಅಲೆದಾಟ, ಕಾದಾಟ, ಮೂತ್ರ ಸಿಂಪಡಿಸುವಿಕೆ ಬಹುಮಟ್ಟಿಗೆ ತಗ್ಗುತ್ತವೆ.

ಬೆಕ್ಕಿಗೆ ವಿಷವಿಡುವುದು, ಹೊಡೆದು ಹಿಂಸಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಸಾಕಿದ ಪ್ರಾಣಿಯನ್ನು ಹಸಿವೆ ನೀರಡಿಕೆಗೆ ಈಡಾಗುವಂತೆ ಬಿಟ್ಟುಹೋಗುವುದೂ ಅಪರಾಧವೇ. ಇಂದು ನಮ್ಮ ಬಾಗಿಲಲ್ಲಿ ಕಾಟ ಕೊಡುವ ಬೆಕ್ಕು ನಿನ್ನೆ ಇನ್ನೊಬ್ಬರ ಮಡಿಲಲ್ಲಿ ಮಲಗಿದ್ದಿರಬಹುದು. ಮನೆ ಬದಲಿಸುವಾಗ ಸಾಮಾನುಗಳ ಪಟ್ಟಿಗಿಂತ ಮೊದಲು ಬೆಕ್ಕಿನ ವ್ಯವಸ್ಥೆಯನ್ನು ಯೋಚಿಸಿದರೆ ಇಂಥ ಕಾಟ ಎಷ್ಟೋ ಕಡಿಮೆಯಾದೀತು.