ಕೋಳಿ ರೆಕ್ಕೆ ಮೇಲೆ ಪ್ರಾಕ್ಟೀಸ್, ಆಮೇಲೆ ಮೆದುಳಿನ ಆಪರೇಷನ್: ನ್ಯೂರೋಸರ್ಜನ್‌ ಕೈ ಪಳಗೋದು ಹೀಗೆ

ಚಿಕನ್ ಅಂಗಡಿಯ ಕೋಳಿ ರೆಕ್ಕೆಗೂ ಮೆದುಳಿನ ಆಪರೇಷನ್‌ಗೂ ಏನು ಸಂಬಂಧ ಅಂದ್ರೆ ನಗು ಬರಬಹುದು. ಆದರೆ ಸಂಬಂಧ ಇದೆ. ನ್ಯೂರೋಸರ್ಜರಿ ಕಲಿಯುವ ಯುವ ವೈದ್ಯರು ಹಲವು ದೇಶಗಳಲ್ಲಿ ಮೈಕ್ರೋಸ್ಕೋಪ್ ಕೆಳಗೆ ಹೊಲಿಗೆ ಕಲಿಯೋದು ಇದೇ ರೆಕ್ಕೆಯೊಳಗಿನ ರಕ್ತನಾಳದ ಮೇಲೆ.

ಯಾಕೆ ಬೇಕು?

ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಕೆಲವು ರೋಗಿಗಳಿಗೆ ಬೈಪಾಸ್ ಮಾಡುತ್ತಾರೆ. ಹಾರ್ಟ್ ಬೈಪಾಸ್ ಕೇಳಿದ್ದೀವಲ್ಲ, ಅದೇ ಥರ. ಕಿವಿಯ ಮುಂದೆ ಚರ್ಮದಡಿ ಮೇಲಕ್ಕೆ ಹೋಗುವ ರಕ್ತನಾಳವನ್ನು ಬಿಡಿಸಿ, ತಲೆಬುರುಡೆಯಲ್ಲಿ ಕಿಂಡಿ ಮಾಡಿ, ಮೆದುಳಿನ ಮೇಲಿರುವ ನಾಳಕ್ಕೆ ಜೋಡಿಸುತ್ತಾರೆ. ಈ ನಾಳಗಳ ಅಗಲ ಸುಮಾರು 1 ಮಿ.ಮೀ. ಹೊಲಿಯುವ ‘10-0’ ನೈಲಾನ್ ದಾರದ ದಪ್ಪ 0.02ರಿಂದ 0.03 ಮಿ.ಮೀ. ಅಂದರೆ ತಲೆಕೂದಲಿಗಿಂತಲೂ ತೆಳು.

ಹೊಲಿಯುವಷ್ಟು ಹೊತ್ತು ನಾಳದ ಎರಡೂ ಕಡೆ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿರ್ತಾರೆ. ಕೈ ನಿಧಾನವಾದಷ್ಟೂ ಮೆದುಳಿನ ಆ ಭಾಗಕ್ಕೆ ಅಪಾಯ. ಮೈಕ್ರೋಸ್ಕೋಪ್ ಎಲ್ಲವನ್ನೂ 10-20 ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ, ಕೈ ನಡುಕವನ್ನೂ ಸೇರಿಸಿ. ಸಣ್ಣ ನಡುಕ ಎಲ್ಲರ ಕೈಯಲ್ಲೂ ಇರುತ್ತೆ. ಮಣಿಕಟ್ಟನ್ನು ಊರಿ, ಬೆರಳ ತುದಿಯಿಂದಷ್ಟೇ ಕೆಲಸ ಮಾಡೋದನ್ನು ರೂಢಿ ಮಾಡಿಕೊಳ್ಳಬೇಕು. ಪುಸ್ತಕ ಓದಿದರೆ ಇದು ಬರಲ್ಲ.

ಹಂತ ಹಂತವಾಗಿ

ಮೊದಲು ಗ್ಲೌಸ್‌ನ ರಬ್ಬರ್ ತುಂಡಿನ ಮೇಲೆ ಗಂಟು ಹಾಕೋದು. ಆಮೇಲೆ ಸಣ್ಣ ಸಿಲಿಕೋನ್ ಟ್ಯೂಬ್. ನಂತರ ಕೋಳಿ ರೆಕ್ಕೆ: ಅದರ ಮುಖ್ಯ ರಕ್ತನಾಳವೂ ಸುಮಾರು 1 ಮಿ.ಮೀ. ಅಗಲ, ಬೆಲೆಯೂ ಕಡಿಮೆ. ಕೊನೆಗೆ, ಎಥಿಕ್ಸ್ ಸಮಿತಿ ಅನುಮತಿ ಇದ್ದ ಕಡೆ ಮಾತ್ರ, ಅರಿವಳಿಕೆ ಕೊಟ್ಟ ಇಲಿಯ ಮೇಲೆ. ಮೂಳೆ ಕೊರೆಯುವ ಡ್ರಿಲ್ ಕಲಿಯಲು ಕೋಳಿ ಮೊಟ್ಟೆ ಬಳಸೋದೂ ಉಂಟು. ಮೇಲಿನ ಚಿಪ್ಪು ಸವೆಯಬೇಕು, ಒಳಗಿನ ಪೊರೆ ಹರಿಯಬಾರದು.

ಬಿಚ್ಚಿ ನೋಡುವ ಅವಕಾಶ

ಇಲ್ಲೇ ಇರೋದು ಅಸಲಿ ಲಾಭ. ಹೊಸಬರು ಮಾಡುವ ದೊಡ್ಡ ತಪ್ಪು ಅಂದ್ರೆ ಸೂಜಿ ನಾಳದ ಮುಂದಿನ ಗೋಡೆ ದಾಟಿ ಹಿಂದಿನ ಗೋಡೆಯನ್ನೂ ಹಿಡಿಯೋದು. ಹಾಗಾದರೆ ದಾರಿಯೇ ಮುಚ್ಚಿಹೋಗುತ್ತೆ. ಹೊರಗಿನಿಂದ ಹೊಲಿಗೆ ಚೆನ್ನಾಗೇ ಕಾಣಬಹುದು. ಕೋಳಿ ರೆಕ್ಕೆಯಲ್ಲಾದರೆ ಹೊಲಿದ ನಾಳವನ್ನು ಉದ್ದಕ್ಕೆ ಸೀಳಿ, ಎಲ್ಲಿ ತಪ್ಪಿತು ಅಂತ ಒಳಗಿನಿಂದ ನೋಡಬಹುದು. ಮತ್ತೆ ಹೊಲಿಯಬಹುದು. ರೋಗಿಯ ಮೆದುಳಲ್ಲಿ ಹಾಗೆ ಸೀಳಿ ನೋಡೋಕೆ ಆಗಲ್ಲ.

ಇದು ಹೊಸದಲ್ಲ

ಟರ್ಕಿ ಮೂಲದ ಸರ್ಜನ್ ಗಾಜಿ ಯಾಸರ್ಗಿಲ್ 1965ರಲ್ಲಿ ಅಮೆರಿಕದ ವರ್ಮಾಂಟ್‌ಗೆ ಹೋಗಿ, ಡಾ. ಡೊನಾಘಿ ಅವರ ಲ್ಯಾಬ್‌ನಲ್ಲಿ ಪ್ರಾಣಿಗಳ ಸಣ್ಣ ರಕ್ತನಾಳ ಹೊಲಿಯೋದನ್ನು ಕಲಿತರು. 1967ರ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ರೋಗಿಗೆ ಮೆದುಳಿನ ಬೈಪಾಸ್ ಮಾಡಿದರು. ಮೊದಲು ಲ್ಯಾಬ್, ಆಮೇಲೆ ರೋಗಿ. ಆಗಲೂ ಕ್ರಮ ಇದೇ.

ಮಿತಿಯೂ ಇದೆ

ಸತ್ತ ಕೋಳಿಯ ನಾಳದಲ್ಲಿ ರಕ್ತ ಹರಿಯಲ್ಲ, ಹೆಪ್ಪುಗಟ್ಟಲ್ಲ. ಅದಕ್ಕೇ ಕೆಲವು ಕಡೆ ಬಣ್ಣದ ನೀರನ್ನು ಪಂಪ್ ಮಾಡಿ, ಹೊಲಿಗೆ ಸೋರುತ್ತಾ ಅಂತ ನೋಡ್ತಾರೆ. ಆದರೂ ಆಪರೇಷನ್ ಥಿಯೇಟರ್‌ನಲ್ಲಿ ಹಿರಿಯರ ಪಕ್ಕ ನಿಂತು ಕಲಿಯೋದು ತಪ್ಪಲ್ಲ.

ನಮಗೇನು?

ತಲೆ ಅಥವಾ ನರದ ದೊಡ್ಡ ತೊಂದರೆ ಅಂದ್ರೆ ಜಿಲ್ಲೆಗಳ ಜನ ನಿಮ್ಹಾನ್ಸ್ ಅಂತ ಬೆಂಗಳೂರು ಬಸ್ ಹತ್ತೋದು ಮಾಮೂಲು. ಎಂಬಿಬಿಎಸ್ ಆದ ಮೇಲೂ ನ್ಯೂರೋಸರ್ಜನ್ ಆಗೋಕೆ ಇನ್ನೂ 6 ವರ್ಷ ಬೇಕು. ದಿಲ್ಲಿಯ ಏಮ್ಸ್‌ನಲ್ಲಿ ಇಂಥ ಕೌಶಲಕ್ಕೆ ಅಂತಲೇ ತರಬೇತಿ ಲ್ಯಾಬ್ ಇದೆ. ಮೈಕ್ರೋಸ್ಕೋಪ್ ದುಬಾರಿ ನಿಜ, ಆದರೆ ರಬ್ಬರ್ ತುಂಡು, ಕೋಳಿ ರೆಕ್ಕೆ ದುಬಾರಿ ಅಲ್ಲ. ಆಸ್ಪತ್ರೆಗೆ ಹೊಸ ಮೆಷಿನ್ ಬಂತಾ ಅಂತ ನಾವೆಲ್ಲ ಕೇಳ್ತೀವಿ. ಆ ಮೆಷಿನ್ ಹಿಡಿಯುವ ಕೈಗೆ ಪ್ರಾಕ್ಟೀಸ್ ಮಾಡೋಕೆ ಜಾಗ, ಸಮಯ ಸಿಗ್ತಿದೆಯಾ ಅನ್ನೋದನ್ನೂ ಕೇಳಬೇಕು.