ಕೋಳಿ ಫೀಡಿನಲ್ಲಿದ್ದ ಕೊಲಿಸ್ಟಿನ್

ಫಾರಂ ಕೋಳಿ ನಲವತ್ತು ದಿನಕ್ಕೆಲ್ಲ ಎರಡು ಕಿಲೋ ತೂಗುವುದು ಹಾರ್ಮೋನ್ ಇಂಜೆಕ್ಷನ್‌ನಿಂದ ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಸಾವಿರಾರು ಕೋಳಿಗಳನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚುವುದು ಯಾವ ಸಾಕಣೆದಾರನಿಗೂ ಗಿಟ್ಟುವುದಿಲ್ಲ. ದಶಕಗಳ ತಳಿ ಆಯ್ಕೆ ಮತ್ತು ಲೆಕ್ಕ ಹಾಕಿ ಕೊಡುವ ಆಹಾರವೇ ಆ ಬೆಳವಣಿಗೆಗೆ ಕಾರಣ. ಹೆದರಬೇಕಾದದ್ದು ಫೀಡಿಗೆ ಅಲ್ಪ ಪ್ರಮಾಣದಲ್ಲಿ ಬೆರೆಸುವ ಆ್ಯಂಟಿಬಯಾಟಿಕ್‌ಗೆ.

ಈ ರೂಢಿಯ ಮೂಲ ಅಮೆರಿಕದಲ್ಲಿದೆ. 1940ರ ದಶಕದ ಕೊನೆಗೆ ಲೆಡರ್ಲಿ ಪ್ರಯೋಗಾಲಯದ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್, ಆರಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ತಯಾರಿಸಿ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಮರಿಗಳು ಬೇಗ ಬೆಳೆದವು. ಆದರೆ ರೋಗ ವಾಸಿಮಾಡುವಷ್ಟಿಲ್ಲದ ಔಷಧಿ ದಿನವೂ ಕರುಳಿಗೆ ಹೋದರೆ ಅಲ್ಲಿನ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಯನ್ನು ತಾಳಿಕೊಂಡವು ಉಳಿದು ಹೆಚ್ಚುತ್ತವೆ.

ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್‌ನ ಕಥೆ ನನ್ನನ್ನು ಹೆಚ್ಚು ಕಂಗೆಡಿಸುತ್ತದೆ. ಮೂತ್ರಪಿಂಡಕ್ಕೆ ಹಾನಿ ಎಂದು ವೈದ್ಯರು ಹಿಂದೆ ಇದನ್ನು ಬಹುಮಟ್ಟಿಗೆ ಬದಿಗಿಟ್ಟಿದ್ದರು. ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ಬೇರೆ ಯಾವುದಕ್ಕೂ ಬಗ್ಗದಾದಾಗ ಕೊನೆಯ ಆಸರೆಯಾಗಿ ಮತ್ತೆ ಕೈಗೆತ್ತಿಕೊಂಡರು. ಅದೇ ಹೊತ್ತಿಗೆ ಅದೇ ಔಷಧಿ ಕೋಳಿ, ಹಂದಿಗಳ ಮೇವಿಗೂ ಬೀಳುತ್ತಿತ್ತು. 2015ರಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳಲ್ಲಿ, ಮಾರಾಟದ ಮಾಂಸದಲ್ಲಿ, ರೋಗಿಗಳಲ್ಲಿ ಎಂಸಿಆರ್-1 ಎಂಬ ಜೀನ್ ಸಿಕ್ಕಿದ್ದನ್ನು ಪ್ರಕಟಿಸಿದರು. ಕೊಲಿಸ್ಟಿನ್ನನ್ನು ಸೋಲಿಸುವ ಈ ಜೀನ್ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿರುತ್ತದೆ. ಆದ್ದರಿಂದ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಕೋಳಿಯ ಕರುಳಲ್ಲಿದ್ದ ಸಾಮರ್ಥ್ಯ ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯಾಕ್ಕೂ ಬಂದೀತು.

ಯುರೋಪಿಯನ್ ಒಕ್ಕೂಟ 2006ರಲ್ಲೇ ಬೆಳವಣಿಗೆಗೆಂದು ಆ್ಯಂಟಿಬಯಾಟಿಕ್ ಬೆರೆಸುವುದನ್ನು ನಿಷೇಧಿಸಿತ್ತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು ಸಾಕಣೆಗೆ ಮತ್ತು ಫೀಡಿಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ ನಿಲ್ಲಿಸಿತು. ತಡವಾದರೂ ಸರಿಯಾದ ನಿರ್ಧಾರ.

ಅಡುಗೆಮನೆಯ ಮಟ್ಟಿಗೆ ಹೇಳುವುದಾದರೆ, ಚೆನ್ನಾಗಿ ಬೆಂದ ಮಾಂಸದಲ್ಲಿ ಇಂಥ ಬ್ಯಾಕ್ಟೀರಿಯಾ ಸಾಯುತ್ತವೆ. ಅಪಾಯವಿರುವುದು ಹಸಿ ಮಾಂಸ ಮುಟ್ಟಿದ ಕೈ, ಚಾಕು, ಹಲಗೆಯಲ್ಲಿ. ಅದೇ ಹಲಗೆಯ ಮೇಲೆ ಈರುಳ್ಳಿ, ಸೌತೆಕಾಯಿ ಹೆಚ್ಚಬಾರದು. ನಲ್ಲಿ ಕೆಳಗೆ ಕೋಳಿ ತೊಳೆದರೆ ಸಿಡಿಯುವ ಹನಿಗಳ ಜೊತೆ ಬ್ಯಾಕ್ಟೀರಿಯಾವೂ ಹರಡುತ್ತವೆ. ಫಾರಂ ಕೆಲಸಗಾರರಿಗೂ, ಕೋಳಿಗೊಬ್ಬರ ಹಾಕುವ ಹೊಲಕ್ಕೂ ಇವು ತಲುಪುತ್ತವೆ.

ಸಾಕಣೆದಾರರು ಫೀಡ್ ಚೀಲದ ಚೀಟಿ ಓದಿ, ಔಷಧಿಯ ಹೆಸರಿದ್ದರೆ ಪಶುವೈದ್ಯರನ್ನು ಕೇಳಬೇಕು. ಹೊತ್ತಿಗೆ ಸರಿಯಾಗಿ ಲಸಿಕೆ, ಒಣಗಿದ ಹೊಟ್ಟಿನ ಹಾಸು, ಗಾಳಿಯಾಡುವ ಶೆಡ್ ಇದ್ದರೆ ಔಷಧಿಯ ಅಗತ್ಯವೇ ಕಡಿಮೆ. ಕಾಯಿಲೆ ಬಿದ್ದ ಕೋಳಿಗೆ ಔಷಧಿ ಕೊಟ್ಟಿದ್ದರೆ, ಅದರ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಆ ಕೋಳಿಗಳನ್ನು ಮಾರಬಾರದು.